ಒಂದೂ ಹತ್ತರ ಸಂದು

ದುರ್ಗಿಗುಡಿಯ ಈ ನರ್ಸಿಂಗ್ ಹೋಮಿನ ಎರಡನೇ ಮಹಡಿ,
ರಕ್ತನಿಧಿಯ ಫ್ರಿಜ್ಜುಗಳಿಗೆ ಒಟ್ಟು ಹನ್ನೊಂದು ಸೆನ್ಸರು.
ಬೆಂಕಿಪೊಟ್ಟಣದಷ್ಟು ಮೈ, ನಾಣ್ಯದಂಥ ಬ್ಯಾಟರಿ,
ನಿಮಿಷಕ್ಕೊಂದು ಮಾತು:
ನಾಲ್ಕು ಡಿಗ್ರಿ. ನಾಲ್ಕು. ನಾಲ್ಕೂ ಕಾಲು. ನಾಲ್ಕು.
ಬೇರೇನಾದರೂ ಹೇಳಿದರೆ ನಮಗೆ ಭಯ.

ಏಳನೆಯದು ಮಾತ್ರ
ದಿನಾ ರಾತ್ರಿ ಒಂದೂ ಹತ್ತಕ್ಕೆ ಬಾಯಿ ಮುಚ್ಚುತ್ತದೆ.
ಮೂರು ನಿಮಿಷ, ಕೆಲವೊಮ್ಮೆ ಐದು.
ಆಮೇಲೆ ಏನೂ ಆಗದವರ ಹಾಗೆ: ನಾಲ್ಕು.

ಬ್ಯಾಟರಿ ಬದಲಿಸಿದರು. ಸೆನ್ಸರನ್ನೇ ಬದಲಿಸಿದರು.
ಹೊಸದೂ ಹಳೆಯದರ ಚಾಳಿ ಕಲಿಯಿತು.
"ನಂಬರೇ ಸರಿಯಿಲ್ಲ ಮೇಡಂ, ಏಳರಾಟ" ಎಂದ ವಾಚ್‌ಮನ್ ದ್ಯಾವಪ್ಪ.
ತಪಾಸಣೆಯವರು ಕೆಂಪು ಶಾಯಿಯಲ್ಲಿ ಬರೆದು ಹೋದರು:
ದಾಖಲೆ ಇಲ್ಲ. ಕಾರಣ ತಿಳಿದಿಲ್ಲ.
ಆ ನಾಲ್ಕು ಪದಗಳಿಗಾಗಿ ನನ್ನನ್ನು ಕರೆಸಿದ್ದು.

ರಾತ್ರಿ ಕೂತೆ,
ಗಾಳಿಯಲ್ಲಿ ಏನೇನಿದೆ ತೋರಿಸುವ ಯಂತ್ರ ತೊಡೆಯ ಮೇಲೆ.
ಕೆಳಗೆ ರಸ್ತೆ ಖಾಲಿ,
ಪರದೆಯಲ್ಲಿ ಮಾತ್ರ ಹಬ್ಬದ ಹಿಂದಿನ ದಿನದ ಗಾಂಧಿ ಬಜಾರು:
ಪಕ್ಕದ ಲಾಡ್ಜಿನ ವೈಫೈ, ಎದುರಿನ ಅಂಗಡಿಯ ಕ್ಯಾಮೆರಾ,
ಐಸಿಯು ಹೊರಗೆ ಕಾಲು ಮಡಚಿ ಮಲಗಿದವನ ಕಿವಿಯ ಬ್ಲೂಟೂತು,
ಯಾರ ಕಿವಿಗೂ ಬೀಳದ ಗದ್ದಲ.
ಅದರ ನಡುವೆ ತಲೆ ತಗ್ಗಿಸಿ ನುಸುಳುವ
ನಾಲ್ಕು, ನಾಲ್ಕು.

ಒಂದೂ ಹತ್ತು.
ಪರದೆಯ ತುಂಬ ಬಿಳಿ ಎದ್ದಿತು,
ಹಾಲು ಉಕ್ಕಿದ ಹಾಗೆ.
ಏಳನೆಯ ಫ್ರಿಜ್ಜು ಒರಗಿ ನಿಂತ ಪ್ಲೈವುಡ್ಡಿನ ಆಚೆ
ಗುಂಯ್ ಎಂಬ ಸದ್ದು,
ಹುರುಳಿ ಸಾರಿನ ವಾಸನೆ.

ಹೋಗಿ ನೋಡಿದರೆ ಆಯಾ ಹಾಲಮ್ಮ.
ಯಾರೋ ತಂದೆಯ ನೆನಪಿಗೆಂದು ಕೊಟ್ಟ ಮೈಕ್ರೋವೇವ್,
ಬಾಗಿಲ ಕೊಂಡಿ ಮುರಿದು ಪ್ಲಾಸ್ಟರಿನ ಪಟ್ಟಿ ಸುತ್ತಿಸಿಕೊಂಡಿದೆ, ಅದೂ ರೋಗಿಯೇ.
ಒಂದು ಗಂಟೆಯ ಸುತ್ತು ಮುಗಿಸಿ, ಕೈ ತೊಳೆದು ಬರಲು ಹತ್ತು ನಿಮಿಷ.
ಆರು ವರ್ಷದಿಂದ ಅದೇ ಹೊತ್ತಿಗೆ ರಾತ್ರಿಯೂಟ.

"ನಾ ಅನ್ನ ಬಿಸಿ ಮಾಡಿದ್ರೆ ಅದಕ್ಕೇನು ಕಷ್ಟ?"

ಎರಡೂ ಒಂದೇ ದಾರಿಯಲ್ಲಿ ಹೋಗುತ್ತವೆ ಹಾಲಮ್ಮ,
ನಿಮ್ಮದು ಬೊಬ್ಬೆ, ಅದರದು ಪಿಸುಮಾತು.
ಮೂರು ಸಲ ಹೇಳಿ ನೋಡುತ್ತದೆ,
ಯಾರೂ ಹೂಂ ಅನ್ನದಿದ್ದರೆ ಬಿಟ್ಟುಬಿಡುತ್ತದೆ.

ಹಾಲಮ್ಮ ತುತ್ತು ನುಂಗಿದರು.
"ಮೂರೂ ಸಲ ಒಂದೇ ಉಸಿರಿಗೆ ಹೇಳ್ತದಾ?"
ಹೌದು.
"ಹಂಗಾದ್ರೆ ಕೇಳೋದು ಹೆಂಗೆ?
ನಾ ಅಕ್ಕಿ ಗಿರಣೀಲಿ ಇದ್ದೋಳು.
ಬೆಲ್ಟಿನ ಜಾಯಿಂಟು ಬಂದು ಚಟ್ ಅಂತ ಬಡೀತಿತ್ತು.
ಅದನ್ನ ಹೋಗಕ್ಕೆ ಬಿಟ್ಟು ಮಾತಾಡ್ಬೇಕು.
ಕೂಗಬಾರ್ದು. ಸಂದು ನೋಡ್ಬೇಕು."

ಯಂತ್ರದ ಹತ್ತಿರ ಬಂದು ಬಿಳಿಯನ್ನು ಹಿಗ್ಗಿಸಿದೆ.
ಬಿಳಿಯಲ್ಲ ಅದು, ಪಟ್ಟೆ:
ಕರೆಂಟಿನ ಅರ್ಧ ಸುತ್ತು ಬೊಬ್ಬೆ, ಅರ್ಧ ಸುತ್ತು ಸುಮ್ಮನೆ,
ಸೆಕೆಂಡಿಗೆ ಐವತ್ತು ಸಂದು.
ಇದನ್ನು ಓದಿದ್ದೆ ನಾನು.
ಪರೀಕ್ಷೆಯಲ್ಲಿ ಬರೆದು ಹತ್ತಕ್ಕೆ ಎಂಟು ತೆಗೆದುಕೊಂಡಿದ್ದೆ.

ನಸುಕಿನಲ್ಲಿ ಏಳನೆಯದಕ್ಕೆ ಕಾಯುವುದನ್ನು ಕಲಿಸಿದೆ,
ಸೋತಾಗಲೆಲ್ಲ ಹತ್ತು ಮಿಲಿಸೆಕೆಂಡು.
ಎಲ್ಲವನ್ನೂ ಇಪ್ಪತ್ತನೇ ಚಾನೆಲ್ಲಿನಿಂದ ಇಪ್ಪತ್ತಾರಕ್ಕೆ,
ಬಜಾರು ಮುಗಿಯುವ ಕೊನೆಯ ಓಣಿಗೆ, ಸರಿಸಿದೆ.
ಕೊಂಡಿ ಸರಿಮಾಡಿಸಿ ಎಂದು ಬರೆದೆ.
ಕಾರಣ ಎಂಬ ಜಾಗದಲ್ಲಿ: ಊಟ.
ಡಾಕ್ಟರ್ ನಫೀಸಾ ಕನ್ನಡಕ ಏರಿಸಿ ಎರಡು ಸಲ ಓದಿ
ಸಹಿ ಹಾಕಿದರು.

ಹೊರಡುವ ಮುಂಚೆ ಸಾಫ್ಟ್‌ವೇರು ಕೇಳಿತು:
ಹಿಂದಿನ ಖಾಲಿ ಜಾಗಗಳನ್ನು ಗೆರೆ ಎಳೆದು ತುಂಬಲೇ?
ಆಚೆಗೂ ನಾಲ್ಕು, ಈಚೆಗೂ ನಾಲ್ಕು,
ನಡುವೆಯೂ ನಾಲ್ಕೇ ಇದ್ದೀತು.

ಇದ್ದೀತು.

ಬೇಡ ಎಂದು ಒತ್ತಿದೆ.
ಆ ನಿಮಿಷಗಳಲ್ಲಿ ರಕ್ತ ಎಷ್ಟು ತಣ್ಣಗಿತ್ತೋ
ಯಾರೂ ಕಂಡಿಲ್ಲ.
ಸಾರು ಬಿಸಿ ಇತ್ತು.